ಒಲ್ಲೆ ಎಂದ ಪುಟಕ್ಕೆ ಅರಿಸಿನ

ಇರಕಲ್ಲಗಡದ ಹಂಪವ್ವ ಸಂಬಂಧ ಕೂಡಿಸುವುದರಲ್ಲಿ ಎತ್ತಿದ ಕೈ. ಮೊಮ್ಮಗಳು ಮಹೇಶ್ವರಿಗೂ ಅಳವಂಡಿಯ ಗಂಡನ್ನು ತಾನೇ ನೋಡಿಟ್ಟಿದ್ದಳು. ಕಥೆಯೊಳಗಿನ ಗಂಡನ್ನೂ ಅವಳು ವಿಚಾರಿಸದೆ ಬಿಡುವವಳಲ್ಲ. ಹೆಂಗಸರು ರೊಟ್ಟಿ ಬಡಿಯುವಾಗ ಮಹೇಶ್ವರಿ ಕನ್ನಡಕ್ಕೆ ಬಂದಿರುವ ಇಂಗ್ಲಿಷಿನ ಹಳೆಯ ಪ್ರೇಮಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದರೆ, ಹಂಪವ್ವ ಪುಟಕ್ಕೊಮ್ಮೆ ತಡೆಯುವಳು: “ನಿಲ್ಲ, ಅವಂಗ ಹೊಲ ಎಷ್ಟೈತಿ? ಕಾಲುವಿ ನೀರ ಐತೋ, ಬರೇ ಮಳಿ ಮ್ಯಾಲೋ?” ನಾಯಕ ನಿಟ್ಟುಸಿರು ಬಿಟ್ಟರೆ, “ದಮ್ಮ ಇದ್ದೀತು, ಡಾಕ್ಟರಗ ತೋರಸ್ಯಾರೇನ?” ಎನ್ನುವಳು. ನೆರೆಮನೆಯ ತಾಜಬೀ ಮಾತ್ರ ಅವನ ಪರ: “ಹುಡುಗ ಛಲೋ ಅದಾನ ಬಿಡ ಹಂಪವ್ವಾ, ಸ್ವಲ್ಪ ಸೊಕ್ಕೈತಿ ಅಷ್ಟ.” “ಹಂಗಾರ ನೀನ ಲಗ್ನಾ ಮಾಡ್ಕೋ, ನಾ ಅಕ್ಕಿಕಾಳ ಹಾಕ್ತೀನಿ!” ಆದರೆ ನಾಯಕಿ ಅವನೆದುರು ನಿಂತು “ಒಲ್ಲೆ” ಎಂದ ದಿನ ಹಂಪವ್ವನ ಕೈಯೊಳಗಿನ ರೊಟ್ಟಿ ಹರಿಯಿತು. ಆ ಪುಟವನ್ನು ಮೂರು ಸಲ ಓದಿಸಿದಳು. ಹನ್ನೆರಡನೆಯ ವಯಸ್ಸಿಗೆ ಕೊರಳಿಗೆ ತಾಳಿ ಬಿದ್ದಾಗ ಹಂಪವ್ವನನ್ನು ಒಪ್ಪಿಗೆಯೇ ಎಂದು ಯಾರೂ ಕೇಳಿರಲಿಲ್ಲ. ನೂರು ಲಗ್ನ ಕೂಡಿಸಿದ ಅವಳೂ ಒಬ್ಬ ಹುಡುಗಿಯನ್ನೂ ಕೇಳಿರಲಿಲ್ಲ. ಓದು ಬಾರದವಳು, ಗುರುತಿಗೆಂದು ಪುಟದ ಮೂಲೆಗೆ ಲಗ್ನಪತ್ರಿಕೆಗೆ ಹಚ್ಚುವಂತೆ ಅರಿಸಿನ ಹಚ್ಚಿದಳು. ಮರುವಾರ ಗಂಡಿನೊಡನೆ ಕನ್ಯೆ ನೋಡಲು ಬಂದ ಅಳವಂಡಿಯ ಹಿರಿಯರು ವಾಡಿಕೆಯಂತೆ, “ಹುಡುಗಿ ನಾಕ ಸಾಲ ಓದ್ಲಿರಿ” ಎಂದರು. ಹಂಪವ್ವ ನಗುತ್ತ ಒಳಗಿಂದ ಪುಸ್ತಕ ತಂದು, ಅರಿಸಿನದ ಪುಟ ತೆರೆದು ಗಂಡಿನ ಕೈಗಿಟ್ಟಳು: “ಆಕಿ ಓದ್ಯಾಳ. ಈಗ ನೀ ಓದೋ ತಮ್ಮಾ, ಎಲ್ಲಾರಿಗೂ ಕೇಳೂವಂಗ. ಆಮ್ಯಾಲೆ ಆಕೀನ ಕೇಳೂಣು.”