ಗಿಳಿ ಪರದೆ ಮತ್ತು ಒಂದು ತಟ್ಟೆ ಮಿರ್ಚಿ

ಮೊನ್ನೆ ಭಾನುವಾರ ಅವ್ವನ ಮನೆಯ ಮೆಟ್ಟಿಲು ಹತ್ತುವಾಗಲೇ ಮಿರ್ಚಿ ಭಜಿಯ ವಾಸನೆ ಮೂಗಿಗೆ ಬಡಿಯಿತು. ಪುಣೆಗೆ ಬಂದು ಇಷ್ಟು ವರ್ಷವಾದರೂ ಅವ್ವ ಧಾರವಾಡದ ಮಿರ್ಚಿಯನ್ನು ಬಿಟ್ಟಿಲ್ಲ. ಇಲ್ಲಿ ವಡಾಪಾವಿನ ಜೊತೆ ಕೊಡುವುದನ್ನು ಆಕೆ ಮೆಣಸಿನಕಾಯಿ ಎಂದೇ ಒಪ್ಪುವುದಿಲ್ಲ. ಬೇರೆಯವರಿಗೆ ಈ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ನನಗೆ ಗಿಳಿಗಳು ನೆನಪಾಗುತ್ತವೆ. ಹಾರುವ ಗಿಳಿಗಳಲ್ಲ, ಬಟ್ಟೆಯ ಮೇಲಿನ ಗಿಳಿಗಳು. ತಲೆ ಕೆಟ್ಟಿದೆಯೇ ಎನ್ನಬೇಡಿ, ಮೊದಲಿನಿಂದ ಹೇಳುತ್ತೇನೆ.

ಔಷಧಶಾಸ್ತ್ರದ ಡಿಪ್ಲೊಮಾ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ನಮ್ಮ ಓಣಿಯ ತುದಿಯಲ್ಲಿದ್ದ ದೇಸಾಯಿ ಕಾಕಾ ಅವರ ಔಷಧದಂಗಡಿಯಲ್ಲಿ. ಕಾಕಾ ಬೆಳಗಾವಿ ಕಡೆಯವರು. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಔಷಧವನ್ನು ಹೇಗೆ ತೆಗೆದುಕೊಳ್ಳಬೇಕೆಂದು ಗಿರಾಕಿ ತನ್ನ ಬಾಯಿಂದಲೇ ಒಪ್ಪಿಸುವ ತನಕ ಅವರು ಪೊಟ್ಟಣ ಬಿಡುತ್ತಿರಲಿಲ್ಲ. "ಸಾಂಗಾ ಬಘೂ" ಎನ್ನುತ್ತಿದ್ದರು, ಹೇಳಿ ನೋಡೋಣ ಎಂದು. ಸುಮ್ಮನೆ ಗೋಣು ಹಾಕಿದರೆ ನಡೆಯುತ್ತಿರಲಿಲ್ಲ. "ಗೋಣು ಎತ್ತೂ ಹಾಕ್ತದವಾ, ಅದಕ್ಕ ಗುಳಿಗಿ ಕೊಡ್ಲಿಕ್ಕೆ ಆಗ್ತದೇನು?" ಎಂದು ನನಗೆ ಹೇಳುತ್ತಿದ್ದರು. ಒಮ್ಮೆ ದಪ್ಪ ಮೀಸೆಯ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಕಿವಿಗೆ ಹಾಕುವ ಹನಿಯನ್ನು ಕಣ್ಣಿಗೆ ಎಂದು ಒಪ್ಪಿಸಿ, ಮತ್ತೆ ಸರದಿಯ ಕೊನೆಗೆ ಹೋಗಿ ನಿಲ್ಲಬೇಕಾಯಿತು. ನಿಂತಲ್ಲೇ ಪಾಪ ತುಟಿ ಅಲುಗಿಸುತ್ತ ಬಾಯಿಪಾಠ ಮಾಡುತ್ತಿದ್ದರು.

ಇನ್ನು ಹತ್ತು ಜನರೆದುರು ಹೇಳಲಾಗದ ರೋಗಗಳೂ ಇರುತ್ತವಲ್ಲ, ಅದಕ್ಕಾಗಿ ಮೂಲೆಯಲ್ಲಿ ಒಂದು ಪರದೆ. ಕಾಕಾ ಅವರ ಹೆಂಡತಿ, ನಮ್ಮ ಕಾಕೂ, ಹಾಸಿಗೆಯಿಂದ ತೆಗೆದುಕೊಟ್ಟ ಹಳೆಯ ಹೊದಿಕೆ ಅದು, ಮೈತುಂಬ ಹಸಿರು ಗಿಳಿಗಳು. ಗುಟ್ಟು ಕಾಯಲೆಂದು ಹಾಕಿದ ಪರದೆ, ಆದರೆ ಯಾರಾದರೂ ಅದರ ಹಿಂದೆ ಹೋದರೆ ಸಾಕು, ಅಲ್ಲಿಯತನಕ ಹರಟುತ್ತಿದ್ದ ಗಿರಾಕಿಗಳೆಲ್ಲ ಗಪ್‌ಚಿಪ್ಪಾಗಿ ಕಿವಿ ನಿಗುರಿಸುತ್ತಿದ್ದರು. ಆಗ ಕಾಕಾ ನನಗೆ ಸನ್ನೆ ಮಾಡುತ್ತಿದ್ದರು; ನಾನು ಬಾಟಲಿಗಳನ್ನು ಟಣಟಣ ಬಡಿದು ಗದ್ದಲ ಎಬ್ಬಿಸಬೇಕು. ಡಿಪ್ಲೊಮಾದಲ್ಲಿ ಇದನ್ನು ಕಲಿಸಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ನೇಮ ಇನ್ನೊಂದಿತ್ತು. "ಅಂಗಡಿ ಮೆಟ್ಟಲಾ ಇಳಿದ ಮ್ಯಾಲೆ ಯಾರ ರೋಗನೂ ನಮಗ ಗೊತ್ತಿಲ್ಲ." ಕಾಕಾ ಇದನ್ನು ಎಷ್ಟು ಅತಿಗೆ ಒಯ್ದಿದ್ದರೆಂದರೆ, ದಾರಿಯಲ್ಲಿ ಗಿರಾಕಿ ಕಂಡರೆ ಗುರುತೇ ಇಲ್ಲದವರಂತೆ ಮುಖ ತಿರುಗಿಸುತ್ತಿದ್ದರು. ತರಕಾರಿ ಪೇಟೆಯಲ್ಲಿ ಯಾರಾದರೂ ಎದುರಾದರೆ, ಅವರು ದಾಟಿಹೋಗುವ ತನಕ ಬಗ್ಗಿ ಕುಂಬಳಕಾಯಿ ಪರೀಕ್ಷಿಸುತ್ತ ನಿಲ್ಲುತ್ತಿದ್ದರು. ಅಷ್ಟು ಹೊತ್ತು ಮುಟ್ಟಿ ತಟ್ಟಿ ನೋಡಿದ ಮೇಲೆ ಕೊಳ್ಳದಿರಲು ನಾಚಿಕೆ. ಕಾಕೂ ಅವರ ಮನೆಯಲ್ಲಿ ವಾರವೆಲ್ಲ ಕುಂಬಳಕಾಯಿ ಪಲ್ಯ.

ಇಂಥ ಅಂಗಡಿಗೆ ಒಂದು ಸಂಜೆ ಒಬ್ಬ ತರುಣ ಬಂದ. ಚಾಕಣದ ಕಾರು ಕಾರ್ಖಾನೆಯ ಕೆಲಸ, ಶರ್ಟಿನ ಮೇಲೆ ಎಣ್ಣೆಯ ಕಲೆ. ಚೀಟಿಯನ್ನು ಮಡಿಸಿ ಮಡಿಸಿ ಅಡಿಕೆಯಷ್ಟು ಮಾಡಿಕೊಂಡು ತಂದಿದ್ದ. ಕಾಕಾ ಬಿಡಿಸಿ ಓದಿದವರೇ ಗಿಳಿಗಳ ಕಡೆ ಕೈ ತೋರಿಸಿದರು. ಮೂಲವ್ಯಾಧಿ. ಅವನ ಕನ್ನಡ ಬೆರೆತ ಮರಾಠಿ ಕೇಳಿದ್ದೇ ಕಾಕಾ ಕನ್ನಡಕ್ಕೆ ಇಳಿದರು. "ರಾತ್ರಿ ಮಲಗೂಮುಂದ ಈ ಪುಡಿ, ಬಿಸಿನೀರಿನ ಜೋಡಿ. ಮುಂಜಾನೆ ಸಂಜೀಕೆ ಮುಲಾಮು. ನೀರು ಭಾಳ ಕುಡೀಬೇಕು. ಖಾರ ಬಿಲ್ಕುಲ್ ಮುಟ್ಟಬಾರದು. ತಿಳೀತೇನಪಾ? ಈಗ ನೀ ಹೇಳು ನೋಡೂಣು."

ನಾನು ಬಾಟಲಿ ಬಡಿಯುವುದನ್ನೂ ಮರೆತು ಕೇಳಿದೆ. ಪರದೆಯ ಹಿಂದಿನಿಂದ ಅವನ ದನಿ ಒಂದಕ್ಷರ ಬಿಡದೆ ಒಪ್ಪಿಸಿತು: "ರಾತ್ರಿ ಮಲಗೂಮುಂದ ಈ ಪುಡಿ, ಬಿಸಿನೀರಿನ ಜೋಡಿ. ಮುಂಜಾನೆ ಸಂಜೀಕೆ ಮುಲಾಮು. ನೀರು ಭಾಳ ಕುಡೀಬೇಕು. ಖಾರ ಬಿಲ್ಕುಲ್ ಮುಟ್ಟಬಾರದು. ತಿಳೀತೇನಪಾ?"

ಆ ಕೊನೆಯ "ತಿಳೀತೇನಪಾ"ಗೆ ನನಗೆ ಬಂದ ನಗುವನ್ನು ಕೆಮ್ಮಿನ ಔಷಧದ ಕಪಾಟಿನೊಳಗೆ ಮುಖ ಹಾಕಿ ನುಂಗಿಕೊಂಡೆ. ನಿಜ ಹೇಳಲೇ? ಆ ಹುಡುಗ ನನಗೆ ಅಲ್ಲೇ ಹಿಡಿಸಿಬಿಟ್ಟ.

ಅದೇ ವಾರ ನಮ್ಮ ಮನೆಗೆ ಕನ್ಯಾ ನೋಡಲು ಬಂದರು. ಉಪ್ಪಿಟ್ಟಿನ ತಟ್ಟೆ ಹಿಡಿದು ನಾನು ಹೊರಗೆ ಬಂದು ಕಣ್ಣೆತ್ತಿದರೆ, ಸೋಫಾದ ಮೇಲೆ, ಅಯ್ಯೋ ನನ್ನ ಕರ್ಮವೇ, ಗಿಳಿ ಪರದೆಯ ಹುಡುಗ! ಅವನೂ ನನ್ನನ್ನು ನೋಡಿದ, ಮುಖದ ರಕ್ತವೆಲ್ಲ ಇಳಿದುಹೋಯಿತು. ನಾನು ತಕ್ಷಣ ಎದುರಿನ ಕ್ಯಾಲೆಂಡರನ್ನು ಕುಂಬಳಕಾಯಿ ಎಂದುಕೊಂಡು ಪರೀಕ್ಷಿಸತೊಡಗಿದೆ.

ಅಷ್ಟರಲ್ಲಿ ಅವ್ವ ಒಳಗಿಂದ ಮಿರ್ಚಿ ಭಜಿ ತಂದಳು. ಒಂದಲ್ಲ, ತಟ್ಟೆ ತುಂಬ. ಅದನ್ನು ಅವನ ಮುಂದೆಯೇ ಇಟ್ಟು, "ಬಿಸಿ ಅವ, ತೊಗೋರಿ" ಎಂದಳು.

"ನಮ್ಮ ಹುಡುಗಗ ಮಿರ್ಚಿ ಅಂದ್ರ ಪ್ರಾಣರೀ" ಎಂದರು ಅವನ ತಾಯಿ, ಹೆಮ್ಮೆಯಿಂದ. ಪಾಪ, ಅವರಿಗೆ ವಿಷಯವೇ ಗೊತ್ತಿರಲಿಲ್ಲ.

ಈಗ ನೀವೇ ಹೇಳಿ, ನಾನೇನು ಮಾಡಬೇಕಿತ್ತು? ಬಾಯಿ ಬಿಟ್ಟರೆ ಅವನ ಮಾನ ಹೋಗುತ್ತದೆ, ಕಾಕಾ ಅವರ ನೇಮ ಮುರಿಯುತ್ತದೆ. ಸುಮ್ಮನಿದ್ದರೆ ನಾಳೆ ಬೆಳಗ್ಗೆ ಅವನ ಗತಿ ದೇವರೇ ಬಲ್ಲ. ಅವನು ಬೇಡವೆಂದರೆ ಅವ್ವ ಅದನ್ನು ಹುಡುಗಿಯನ್ನೇ ಬೇಡವೆಂದಂತೆ ಎಂದುಕೊಳ್ಳುವವಳು. ಅವನು ಒಂದು ಭಜಿ ಎತ್ತಿದ. ಬಾಯಿಯ ಹತ್ತಿರ ಒಯ್ದ. ಕಣ್ಣು ಮುಚ್ಚಿದ.

ನಾನು ನೆಟ್ಟಗೆ ಹೋಗಿ ಅವನ ಕೈಯಿಂದ ಭಜಿ ಕಿತ್ತುಕೊಂಡೆ. ತಟ್ಟೆಯನ್ನೂ ಎಳೆದುಕೊಂಡು ಎದುರಿನ ಕುರ್ಚಿಯಲ್ಲಿ ಕುಳಿತು, "ನನಗ ಭಾಳ ಹಸಿವ್ಯಾಗೇದ" ಎಂದು ತಿನ್ನತೊಡಗಿದೆ.

ಅಪ್ಪ ಚಹಾದ ಕಪ್ಪನ್ನು ಹಿಡಿದಲ್ಲೇ ಹಿಡಿದಿದ್ದರು. ಅವ್ವ "ಏ ಹುಡುಗೀ!" ಎಂದು ಹಲ್ಲು ಕಚ್ಚಿದಳು. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂಗು, ಕಣ್ಣು ಎರಡರಿಂದಲೂ ನೀರು ಸುರಿಸುತ್ತ ನಾನು ತಟ್ಟೆ ಖಾಲಿ ಮಾಡಿದೆ. ಈ ಸಂಬಂಧ ಮುಗಿಯಿತು ಎಂದುಕೊಂಡೆ. ಆಗ ಆ ಹುಡುಗ ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಎಂದ: "ನನಗ ಒಪ್ಪಿಗಿ ಅದರೀ."

ಮದುವೆಗೆ ಬಂದ ಕಾಕಾ ವೇದಿಕೆ ಹತ್ತಿ ಮದುಮಗನ ಕೈ ಕುಲುಕಿ, ಸಭೆಗೆಲ್ಲ ಕೇಳುವಂತೆ, "ನಿಮ್ಮನ್ನ ನಾ ಎಲ್ಲೂ ನೋಡೇ ಇಲ್ಲರೀ!" ಎಂದು ಘೋಷಿಸಿದರು. ಕೇಳಿದವರಿಗೆಲ್ಲ ಅನುಮಾನ ಬಂತು. ಉಡುಗೊರೆ ಏನೆಂದು ನಾನು ಹೇಳಬೇಕಿಲ್ಲ, ಅಡುಗೆಯವರು ಅದನ್ನು ಹುಳಿಗೆ ಹಾಕಿದರು. ನಮ್ಮವರ ತೊಂದರೆ ಎಂದೋ ವಾಸಿಯಾಯಿತು. ಇದನ್ನು ಬರೆಯಲು ಅವರ ಅಪ್ಪಣೆಯೂ ಸಿಕ್ಕಿದೆ, ಹೆಸರು ಹಾಕಕೂಡದೆಂಬ ಒಂದೇ ಷರತ್ತಿನ ಮೇಲೆ. ಅವ್ವ ಮಾತ್ರ ಇಂದಿಗೂ ಬಂದವರಿಗೆಲ್ಲ, "ನಮ್ಮಾಕಿ ವರನ ತಾಟಿಗೇ ಕೈ ಹಾಕಿದಾಕಿ" ಎಂದು ನನ್ನ ಮಾನ ಕಳೆಯುತ್ತಾಳೆ. ನಾನು ಗೋಡೆಯ ಕ್ಯಾಲೆಂಡರ್ ಪರೀಕ್ಷಿಸುತ್ತೇನೆ.

ಮೊನ್ನೆಯೂ ಮನೆ ತುಂಬ ನೆಂಟರು. ಅದೇ ಕಥೆ ಹೇಳಿ ನಗಿಸುತ್ತ ಅವ್ವ ಬಿಸಿಬಿಸಿ ಮಿರ್ಚಿಯ ತಟ್ಟೆಯನ್ನು ತಂದು ನನ್ನ ಮುಂದೆ ಇಟ್ಟಳು. ಹೋದ ವಾರವಷ್ಟೇ ನನ್ನ ಡಾಕ್ಟರು ಖಾರ ಮುಟ್ಟಬೇಡಿ ಎಂದಿದ್ದಾರೆ. ಯಾಕೆ ಎಂದು ಮಾತ್ರ ಕೇಳಬೇಡಿ, ಮೆಟ್ಟಿಲು ಇಳಿದಾಗಿದೆ. ಅವ್ವನಿಗೆ ಹೇಳಿದರೆ ಸಂಜೆಯೊಳಗೆ ಪುಣೆಯ ಆ ತುದಿಯ ಖರಾಡಿಯ ತನಕ ಸುದ್ದಿ. ನಾನು ಭಜಿ ಎತ್ತಿ ಬಾಯಿಯ ಹತ್ತಿರ ಒಯ್ದೆ.

ಪಕ್ಕದಿಂದ ಒಂದು ಕೈ ಬಂದು ಅದನ್ನು ಕಿತ್ತುಕೊಂಡಿತು. ತಟ್ಟೆಯೂ ಜರುಗಿತು. "ನನಗ ಭಾಳ ಹಸಿವ್ಯಾಗೇದರೀ" ಎಂದರು ನಮ್ಮವರು, ನೆಂಟರೆಲ್ಲರ ಎದುರು.

"ಅಯ್ಯ, ಅಳಿಯಂದ್ರಿಗೂ ಹತ್ತಿತು ನೋಡ್ರಿ ಈಕೀ ಚಟ!" ಎಂದು ಅವ್ವ ಹಣೆ ಬಡಿದುಕೊಂಡಳು.

ಅವರು ಮೂಗು ಸೊರ್ರೆನಿಸುತ್ತ, ಕೆಂಪು ಕಣ್ಣು ಒರೆಸಿಕೊಳ್ಳುತ್ತ ಕೊನೆಯ ಮಿರ್ಚಿಯ ತನಕ ತಿಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ರಾತ್ರಿ ಪುಡಿ ಹ್ಯಾಂಗ ತೊಗೋತಿ, ಹೇಳು ನೋಡೂಣು."

ನಾನು ಒಂದಕ್ಷರ ಬಿಡದೆ ಒಪ್ಪಿಸಿದೆ, "ತಿಳೀತೇನಪಾ" ತನಕ.