ದಾರಿ ತಪ್ಪಿಸುತ್ತಿದ್ದ ಊರು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಮೇಸ್ತ್ರಿ ಎಂದೇ. ಒಂದು ಇಟ್ಟಿಗೆಯನ್ನೂ ಕೈಯಲ್ಲಿ ಹಿಡಿದವಳಲ್ಲ. ಆದರೆ ವಿಡಿಯೋ ಗೇಮಿಗಾಗಿ ಕಂಪ್ಯೂಟರಿನಲ್ಲಿ ಊರು ಕಟ್ಟುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ. ಈಗ ಕಟ್ಟುತ್ತಿದ್ದುದು ಮಾಂತ್ರಿಕರ ನಗರ.

“ಮನೆ ಕಪಾಟಿನ ಬಾಗಿಲು ಕಿತ್ತುಹೋಗಿ ಕೂತಿದೆ, ಇವಳು ಮಾಂತ್ರಿಕರಿಗೆ ಬಾಗಿಲು ಜೋಡಿಸ್ತಾಳೆ,” ಎಂದು ಅತ್ತೆ ಗೊಣಗುತ್ತಿದ್ದರು. ನೆಂಟರು ಬಂದರೆ ಮಾತ್ರ ಸೊಸೆಯ ಊರನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು.

ಮಾಂತ್ರಿಕರ ಆ ನಗರಕ್ಕೆ ಒಂದೊಂದು ಮನೆಯನ್ನೂ ಬೇರೆ ಬೇರೆ ಕಟ್ಟುತ್ತ ಕೂತರೆ ಮುದುಕಿಯಾಗುತ್ತೇನೆ ಎಂದು ಅವಳು ಗೋಡೆ, ಕಮಾನು, ಮೆಟ್ಟಿಲು, ಚಾವಣಿ, ಗೋಪುರ ಎಂದು ಒಂದಿಷ್ಟು ತುಂಡುಗಳನ್ನು ಮಾತ್ರ ಮಾಡಿಟ್ಟಿದ್ದಳು. ಎಲ್ಲಕ್ಕೂ ಒಂದೇ ಅಳತೆ. ಯಾವುದನ್ನು ಯಾವುದರ ಪಕ್ಕಕ್ಕಿಟ್ಟರೂ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುತ್ತಿತ್ತು. ಆದರೆ ಒಂದೇ ತುಂಡು ಮತ್ತೆ ಮತ್ತೆ ಕಂಡರೆ ಆಡುವವರಿಗೆ ಗುಟ್ಟು ತಿಳಿದುಬಿಡುತ್ತದಲ್ಲ? ಅದಕ್ಕೇ ಅವಳದೊಂದು ಕಟ್ಟಪ್ಪಣೆ: ಒಂದೇ ಥರದವನ್ನು ಒಟ್ಟಿಗೆ ಇಡಕೂಡದು, ಕಲಸಬೇಕು.

ಹೊರಗಿನವರನ್ನು ಕರೆಸಿ ಆಡಿಸಿದ ದಿನ ಮಾನ ಹೋಯಿತು. ಊರಬಾಗಿಲಿನಿಂದ ಅರಮನೆಗೆ ಹೋಗಿ ಎಂದರೆ ಒಬ್ಬರೂ ಮುಟ್ಟಲಿಲ್ಲ. ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತಿದರು.

“ಎತ್ತ ನೋಡಿದ್ರೂ ಒಂದೇ ಬೀದಿ ಇದ್ದಂಗಿದೆ,” ಎಂದ ಕಂಪನಿಯ ಯಜಮಾನ. “ಶುಕ್ರವಾರ ಮತ್ತೆ ಆಡಿಸ್ತೀನಿ. ಆಗ್ಲೂ ಹಿಂಗೇ ಆದ್ರೆ ಈ ಊರು ಬಿಟ್ಟುಬಿಡೋಣ. ಹೊರಗಡೆ ರೆಡಿಮೇಡ್ ಸಿಗುತ್ತೆ.”

“ದಾರಿಗೆ ಬಾಣದ ಗುರುತು ಹಾಕ್ಬಿಡೋಣ್ವಾ?” ಎಂದು ಕೇಳಿದ ಚಿಕ್ಕಪ್ಪ. ಅವಳ ಜೊತೆಗಿದ್ದ, ಕುರ್ಚಿ ಬಿಟ್ಟೇಳದ ನರೆಮೀಸೆಯ ಕಲಾವಿದನಿಗೆ ಆಫೀಸು ಇಟ್ಟ ಹೆಸರು ಅದು.

“ಊರ ತುಂಬ ಬಾಣ ಹಾಕಿದ್ರೆ ಅದು ಊರಾಗಲ್ಲ ಚಿಕ್ಕಪ್ಪ, ಆಸ್ಪತ್ರೆಯಾಗುತ್ತೆ. ನನ್ನೂರು, ನಾನೇ ಸರಿಮಾಡ್ತೀನಿ.”

ಬಾಯಲ್ಲಿ ಹಾಗೆಂದರೂ ಹೇಗೆಂದು ಅವಳಿಗೇ ಗೊತ್ತಿರಲಿಲ್ಲ. ಎರಡು ವರ್ಷ ಜೀವ ತೇಯ್ದು ಕಟ್ಟಿದ ಊರು ಅದು. ಎಲ್ಲರ ಆಟವೂ ರೆಕಾರ್ಡ್ ಆಗಿತ್ತು. ಒಂದೊಂದನ್ನೇ ನೋಡುತ್ತ ಕೂತಳು. ಎಲ್ಲ ಕಡೆ ತಬ್ಬಿಬ್ಬಾಗುತ್ತಿದ್ದವರು ಒಂದು ಬೀದಿಗೆ ಬಂದೊಡನೆ ಮಾತ್ರ ‘ಓ, ಇಲ್ಲಿಗೆ ಆಗಲೇ ಬಂದಿದ್ದೆ’ ಎಂಬಂತೆ ಸರಕ್ಕನೆ ಬೇರೆ ಕಡೆ ತಿರುಗುತ್ತಿದ್ದರು. ನೋಡಿದರೆ, ಚಿಕ್ಕಪ್ಪ ಮೈಗಳ್ಳತನದಿಂದ ಸಾಲಾಗಿ ಬರೀ ಕಮಾನುಗಳನ್ನೇ ನಿಲ್ಲಿಸಿದ್ದ ಬೀದಿ! ಅದಕ್ಕಾಗಿ ಹೋದ ವಾರವಷ್ಟೇ ಅವನ ಚಳಿ ಬಿಡಿಸಿದ್ದಳು.

ಅವಳಿಗೆ ನಗು ಬಂತು. ಎಲ್ಲ ಬೀದಿಗೂ ಎಲ್ಲವನ್ನೂ ಹಂಚಿದ್ದರಿಂದ ಯಾವ ಬೀದಿಗೂ ಸ್ವಂತ ಮುಖವಿರಲಿಲ್ಲ.

“ಚಿಕ್ಕಪ್ಪ, ಕಲಸಿದ್ದು ಸಾಕು. ಇನ್ನು ವಿಂಗಡಿಸೋಣ, ನಿಮ್ಮ ಬೀದಿ ಥರ.”

“ಹಂಗಾದ್ರೆ ಬೈದಿದ್ದು ವಾಪಸ್ ತಗೋತೀಯಾ?”

“ಬೈದಿದ್ದು ಇರ್ಲಿ, ಮುಂದಿನ ತಪ್ಪಿಗೆ ಆಗುತ್ತೆ. ಕೆಲಸ ನೋಡಿ.”

ಹೊಸ ತುಂಡು ಒಂದನ್ನೂ ಮಾಡಲಿಲ್ಲ. ಮೆಟ್ಟಿಲುಗಳೆಲ್ಲ ನೇಕಾರರ ಕೇರಿಗೆ ಹೋದವು, ಕಪ್ಪು ಚಾವಣಿಗಳೆಲ್ಲ ಕಮ್ಮಾರರ ಕಡೆಗೆ, ಗೋಪುರಗಳೆಲ್ಲ ಅರಮನೆಯ ಸುತ್ತ.

ಶುಕ್ರವಾರ ಮೊದಲು ಆಡಲು ಕೂತವರು ಶಾಲೆಯ ಟೀಚರೊಬ್ಬರು. ಎಲ್ಲೂ ತಡವರಿಸದೆ ಅರಮನೆಯ ಬಾಗಿಲ ಹತ್ತಿರಕ್ಕೇ ಬಂದರು. ಬಂದವರು ಒಳಗೆ ಹೋಗುವುದು ಬಿಟ್ಟು ಬೆನ್ನು ತಿರುಗಿಸಿ ನಡೆದೇಬಿಟ್ಟರು. ಯಜಮಾನ ಮೇಸ್ತ್ರಿಯ ಮುಖ ನೋಡಿದ.

“ದಾರಿ ತಪ್ತಾ ಟೀಚರ್?” ಎಂದು ಅವನು ಕೇಳಿದ.

“ಇಲ್ವಲ್ಲ!” ಟೀಚರ್ ತೆರೆಯಿಂದ ಕಣ್ಣು ಕೀಳಲಿಲ್ಲ. “ಅರಮನೆ ಎಲ್ಲಿಗ್ ಹೋಗುತ್ತೆ, ಅಲ್ಲೇ ಇರುತ್ತೆ. ಆ ಮೆಟ್ಟಿಲಿನ ಕೇರೀಲಿ ಇನ್ನೊಂದ್ ಸುತ್ತು ಹಾಕ್ಕೊಂಡ್ ಬರ್ತೀನಿ, ತಾಳಿ.”