ಪ್ರೇಮಕುಮಾರಿಯ ನೊಣ

ದಂಡಿಗನಹಳ್ಳಿ ಕಡೆ ರೇಷ್ಮೆ ಹುಳ ಸಾಕುವ ಮನೆಗಳಿಗೇನು ಬರವಿಲ್ಲ. ಆದರೆ ಊಜಿ ನೊಣಕ್ಕೆ ಪ್ರೇಮಕುಮಾರಿಯಷ್ಟು ಹೆದರುವವರೂ ಇಲ್ಲ, ಅದರ ಮೇಲೆ ಅವಳಷ್ಟು ಹಗೆ ಸಾಧಿಸುವವರೂ ಇಲ್ಲ. ಊಜಿ ನೊಣ ಬಂದು ಹುಳದ ಮೈಮೇಲೆ ಮೊಟ್ಟೆಯಿಟ್ಟಿತೋ, ಆ ಹುಳದ ಕತೆ ಮುಗಿಯಿತು. ಅದಕ್ಕೇ ಅವಳ ಹುಳಮನೆಯ ಕಿಟಕಿ ಬಾಗಿಲಿಗೆಲ್ಲ ಬಿಳಿ ಬಲೆಯ ಪರದೆ. ಒಳಗೆ ಬರುವವರು ಅದನ್ನು ಚೂರೇ ಚೂರು ಎತ್ತಿ, ಬಗ್ಗಿ ನುಸುಳಬೇಕು. ಹೊಟ್ಟೆ ಬಂದ ಗಂಡ ಚನ್ನಬಸವಯ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೊಂದಿರಲಿಲ್ಲ.

ಒಂದು ದಿನ ಇಷ್ಟೆಲ್ಲ ಕಾವಲಿದ್ದೂ ಒಳಗೊಂದು ನೊಣ ಕಂಡಿತು. ಸೊಪ್ಪು ಹಾಕುತ್ತಿದ್ದವಳ ಎಡಗಡೆಯಿಂದ ತೇಲಿ ಬಂತು. ಹೊಡೆಯಲು ಹೋದರೆ ಜಾರಿತು, ನಿಂತರೆ ನಿಧಾನವಾಗಿ ಕೆಳಗಿಳಿಯಿತು. ಟವೆಲ್ ಹಿಡಿದು ಇಡೀ ಮಧ್ಯಾಹ್ನ ಅದರ ಹಿಂದೆ ಓಡಾಡಿದಳು. ಸಿಗದ ಸಿಟ್ಟೆಲ್ಲ ಸೊಸೆ ದಿವ್ಯಾಳ ಮೇಲೆ ಹೋಯಿತು. ಪರದೆ ಸರಿಯಾಗಿ ಬಿಡದವಳು, ಹುಳ ಅಂದರೆ ಏನೆಂದು ಗೊತ್ತಿಲ್ಲದವಳು ಎಂದೆಲ್ಲ ಅಂದಳು. ದಿವ್ಯಾ ಪರದೆಯ ಅಂಚನ್ನು ಮತ್ತೊಮ್ಮೆ ಸರಿಯಾಗಿ ಸಿಕ್ಕಿಸಿದಳು. ಅತ್ತೆ ಅಂಗಳಕ್ಕೆ ಬಂದು ಆಕಾಶ ನೋಡಿ ಅಲ್ಲಿಯೂ ಟವೆಲ್ ಬೀಸಿದಾಗ ಮಾತ್ರ ಅವಳಿಗೆ ವಿಷಯ ಅರ್ಥವಾಯಿತು. ಮಾರನೆಯ ದಿನವೇ ಚನ್ನರಾಯಪಟ್ಟಣದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಸಮಾಧಾನದಿಂದ ನೋಡಿದರು. ಕಣ್ಣೊಳಗೆ ತಿಳಿಯಾದ ಲೋಳೆಯಂಥದ್ದೊಂದು ತುಂಬಿರುತ್ತದೆ, ವಯಸ್ಸಾದಂತೆ ಅದು ಅಲ್ಲಲ್ಲಿ ಗಂಟುಕಟ್ಟುತ್ತದೆ, ಆ ಗಂಟಿನ ನೆರಳೇ ನಿಮ್ಮ ನೊಣ ಎಂದರು. ನಿಮ್ಮ ಹಾಗೆ ಚಿಕ್ಕಂದಿನಿಂದ ದಪ್ಪ ಗಾಜಿನ ಕನ್ನಡಕ ಹಾಕಿದವರಿಗೆ ಇದು ಬೇಗ ಬರುವುದುಂಟು, ಒಂದೆರಡಿದ್ದರೆ ಭಯವಿಲ್ಲ ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಒಮ್ಮೆಲೇ ಹಿಂಡುಗಟ್ಟಿ ಬಂದರೆ, ಕಣ್ಣಂಚಲ್ಲಿ ಮಿಂಚು ಹೊಡೆದರೆ, ನೋಟಕ್ಕೆ ತೆರೆ ಎಳೆದಂತಾದರೆ ಅವತ್ತೇ ಬರಬೇಕು, ನೋವಿಲ್ಲವೆಂದು ಮನೆಯಲ್ಲಿ ಕೂರಬಾರದು. ಪ್ರೇಮಕುಮಾರಿ ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ಮನೆಗೆ ಬಂದು ಗಂಡನಿಗೆ, ಏನೂ ಇಲ್ಲವಂತೆ ಎಂದಷ್ಟೇ ಹೇಳಿದಳು. ಸೊಸೆಯನ್ನು ಬೈದದ್ದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಬರಬರುತ್ತ ಆ ನೊಣದ ಮೇಲಿನ ಹಗೆ ಹೋಯಿತು. ಊಟವಾದ ಮೇಲೆ ಜಗಲಿಯಲ್ಲಿ ಅಡ್ಡಾಗಿ, ತೆಂಗಿನ ಗರಿಗಳಾಚೆಯ ಬಿಳಿ ಮೋಡದ ಮೇಲೆ ಅದನ್ನು ತೇಲಬಿಡುವುದು ಅವಳಿಗೆ ಅಭ್ಯಾಸವಾಯಿತು. ಅದರ ಹಿಂದೆ ಒಂದು ಎಳೆ, ನೂಲಿನ ತುಂಡು, ಅದೂ ಮೆಲ್ಲಗೆ ಸುರುಳಿ ಬಿಚ್ಚುತ್ತಿತ್ತು. ಒಳಗಿನಿಂದ ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣ ಸೋನೆಯ ಹಾಗೆ ಕೇಳುತ್ತಿತ್ತು. ನೋಡುತ್ತ ನೋಡುತ್ತ ತಾನು ಎಲ್ಲಿದ್ದೇನೆ, ಯಾವ ವಯಸ್ಸಿನವಳು ಎನ್ನುವುದೂ ಮರೆತುಹೋಗುತ್ತಿತ್ತು. ಆ ಹೊತ್ತು ಅವಳಿಗೆ ತುಂಬ ಇಷ್ಟ. ಸುಮ್ಮನೆ ಮಲಗಿದ್ದಾಳೆ ಎಂದು ಗಂಡ ಛೇಡಿಸಿದರೆ, ನೊಣ ಕಾಯ್ತಿದ್ದೀನಿ ಎನ್ನುವಳು.

ಹೋದ ಕಾರ್ತಿಕದ ಒಂದು ಬೆಳಗ್ಗೆ ಹುಳ ಹಣ್ಣಾದವು. ಹಣ್ಣಾದ ಹುಳ ಸೊಪ್ಪು ಬಿಡುತ್ತದೆ, ಮೈ ಹೊಂಬಣ್ಣಕ್ಕೆ ತಿರುಗುತ್ತದೆ. ಅಂಥವನ್ನು ಆ ದಿನವೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ನೂಲೆಲ್ಲ ದಂಡ. ಆರಿಸುವ ಕೆಲಸವನ್ನು ಪ್ರೇಮಕುಮಾರಿ ಈವರೆಗೆ ಯಾರ ಕೈಗೂ ಕೊಟ್ಟವಳಲ್ಲ. ಅವತ್ತು ಬಗ್ಗಿ ಮೊದಲ ಹುಳ ಎತ್ತಿದಳು, ಎಡಗಣ್ಣಿನ ಅಂಚಿನಲ್ಲಿ ಫಳ್ ಎಂದಿತು. ಇನ್ನೊಂದು ಸಲ ಫಳ್ ಎಂದಿತು. ಹಿಂದೆಯೇ ಕಣ್ಣ ಮುಂದೆ ರಾಗಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಇಳಿದವು.

ಊಜಿ ಹಿಂಡೇ ನುಗ್ಗಿತೆಂದು ಅವಳ ಜೀವ ಬಾಯಿಗೆ ಬಂತು. ಪರದೆ ಯಾಕೆ ತೆಗೆದೆ ಎಂದು ಸೊಸೆಯನ್ನು ಗದರಿದಳು. ಪರದೆ ಹಾಗೇ ಇತ್ತು. ದಿವ್ಯಾ ಅತ್ತೆಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, ಈಗ ಕಾಣುತ್ತವಾ ಎಂದು ಕೇಳಿದಳು. ಒಂದೂ ಇರಲಿಲ್ಲ. ಕೈ ತೆಗೆದರೆ ಮತ್ತೆ ಅಷ್ಟೂ ಇದ್ದವು.

ಈಗಲೇ ಹೊರಡಬೇಕು ಎಂದಳು ದಿವ್ಯಾ. ಪ್ರೇಮಕುಮಾರಿ ಒಪ್ಪಲಿಲ್ಲ. ನೋವಿಲ್ಲ, ಕೆಂಪಾಗಿಲ್ಲ, ಹುಳ ಚಂದ್ರಿಕೆಗೆ ಹತ್ತಲಿ, ನಾಡಿದ್ದು ಹೋದರಾಯಿತು ಎಂದಳು. ಯಾವತ್ತೂ ಎದುರು ಮಾತಾಡದ ಸೊಸೆ ಅವತ್ತು ಹುಳದ ತಟ್ಟೆಗೆ ಅಡ್ಡ ನಿಂತಳು.

"ಹುಳ ಇನ್ನೊಂದ್ ಬೆಳೆಗೆ ಬತ್ತವೆ ಅತ್ತೆ, ಕಣ್ಣು ಬರಾಕಿಲ್ಲ. ಡಾಕ್ಟ್ರಮ್ಮ ಅವತ್ತೇ ಬನ್ನಿ ಅಂದಿದ್ದು ನಾನು ಕೇಳ್ಸ್ಕಂಡಿವ್ನಿ. ಹುಳ ನಾನ್ ನೋಡ್ಕತೀನಿ, ಓಗಿ."

ಕಣ್ಣು ಹೋದೀತೆಂಬ ಭಯ ಆಗ ಮೊದಲ ಸಲ ಪ್ರೇಮಕುಮಾರಿಯನ್ನು ಹಿಡಿಯಿತು. ಕೈಲಿದ್ದ ಹುಳವನ್ನು ಸೊಸೆಯ ಅಂಗೈಗಿಟ್ಟು ಗಂಡನ ಜೊತೆ ಬಸ್ಸು ಹತ್ತಿದಳು.

ಚನ್ನರಾಯಪಟ್ಟಣದ ಡಾಕ್ಟರಮ್ಮ ತಡಮಾಡದೆ ಹಾಸನದಲ್ಲಿ ಕಣ್ಣಿನ ಒಳಪರದೆ ನೋಡುವ ತಜ್ಞರ ಬಳಿ ಕಳಿಸಿದರು. ಅವರು ಹನಿ ಬಿಟ್ಟು, ಪಾಪೆ ಅರಳಿಸಿ ನೋಡಿದರು. ಕಣ್ಣಿನ ಹಿಂಭಾಗದ ತೆಳುಪರದೆ ಒಂದು ಕಡೆ ಹರಿದಿತ್ತು, ಆದರೆ ಇನ್ನೂ ಕಿತ್ತುಬಂದಿರಲಿಲ್ಲ. ಅವತ್ತೇ ಲೇಸರ್ ಹಾಕಿ ಹರುಕಿನ ಸುತ್ತ ಭದ್ರ ಮಾಡಿದರು. ಎರಡು ದಿನ ಬಿಟ್ಟು ಬಂದಿದ್ದರೆ ಪರದೆ ಕಳಚಿ ದೊಡ್ಡ ಆಪರೇಷನ್ನೇ ಬೇಕಾಗುತ್ತಿತ್ತೇನೋ, ಆಗಲೂ ನೋಟ ಪೂರ್ತಿ ಬರುತ್ತಿತ್ತೆಂದು ಹೇಳಲಾಗದು ಎಂದರು. ಚನ್ನಬಸವಯ್ಯ ಹೆಂಡತಿಯ ಕೈಯನ್ನು ಬಸ್ಸಿಳಿಯುವವರೆಗೂ ಬಿಡಲಿಲ್ಲ.

ಊರು ಮುಟ್ಟುವಾಗ ಸಂಜೆ. ಅರಳಿದ ಪಾಪೆಗೆ ಲೋಕವೆಲ್ಲ ಬೆಳಕಲ್ಲಿ ಕರಗಿತ್ತು. ತೆಂಗಿನ ಮರಗಳಿಗೆ ಅಂಚಿರಲಿಲ್ಲ, ಬೀದಿದೀಪಗಳೆಲ್ಲ ದೊಡ್ಡ ದೊಡ್ಡ ಹೂವಾಗಿದ್ದವು. ಅವಳು ನೆಟ್ಟಗೆ ಹುಳಮನೆಗೆ ಹೋಗಿ ಪರದೆಯ ಕೆಳಗೆ ನುಸುಳಿ ನಿಂತಳು. ಏನೂ ಸ್ಪಷ್ಟವಾಗಿ ಕಾಣಲಿಲ್ಲ. ಕಿವಿಗೊಟ್ಟಳು. ಮೇಯುವ ಸದ್ದು ನಿಂತಿತ್ತು. ಎಲ್ಲ ಹುಳ ಚಂದ್ರಿಕೆ ಸೇರಿವೆ, ನೂಲುತ್ತಿವೆ ಎಂದು ಅವಳಿಗೆ ಗೊತ್ತಾಯಿತು.

ಮಬ್ಬಿನಲ್ಲಿ ಯಾರೋ ಹತ್ತಿರ ಬಂದರು. ಹಳೆಯ ನೊಣ ಎಡಗಣ್ಣಲ್ಲಿ ತೇಲಿಬಂದು ಆ ಆಕೃತಿಯ ಮೇಲೆ ಕೂತಿತು. ಪ್ರೇಮಕುಮಾರಿ ಕೈಚಾಚಿ ಸೊಸೆಯ ಕೆನ್ನೆ ಹುಡುಕಿದಳು.

"ಅವತ್ತು ಪರದೆ ನೀನು ತೆಗ್ದಿರ್ಲಿಲ್ಲ ಕಣವ್ವಾ," ಎಂದಳು. "ನೊಣ ನಂದೇ."